ದೊಡ್ಡ ಚಕ್ರ, ತೆಳು ಪಕ್ಕೆ

ಅಮ್ಮ ಮೈಸೂರಿನಿಂದ ಬಂದ ಮೂರನೆಯ ದಿನ. ಬರ್ಮಿಂಗ್‌ಹ್ಯಾಮ್‌ನ ನಮ್ಮ ಮನೆಯಿಂದ ಟಿವಿಡೇಲ್‌ನ ಬಾಲಾಜಿ ದೇವಸ್ಥಾನಕ್ಕೆ ಹೊರಟಿದ್ದೆವು. ಹಿಂದಿನ ಸೀಟಿನಲ್ಲಿ ಅಮ್ಮ, ಅವರ ಮಡಿಲಲ್ಲಿ ಸಜ್ಜಿಗೆ ತುಂಬಿದ ಸ್ಟೀಲ್ ಡಬ್ಬಿ. ಎಂಟು ವರ್ಷ ಹಳೆಯ ಆ ಹ್ಯಾಚ್‌ಬ್ಯಾಕ್ ಕಾರನ್ನು ನಾನು ಕೊಂಡು ತಿಂಗಳಾಗಿತ್ತು. ರಸ್ತೆಯ ಮೊದಲ ಹಂಪಿನಲ್ಲಿ ಅಮ್ಮ ಬಾಗಿಲ ಮೇಲಿನ ಹಿಡಿ ಹಿಡಿದುಕೊಂಡರು. ಎರಡನೆಯದರಲ್ಲಿ ‘ರಾಮ’ ಎಂದರು. ಮೂರನೆಯದರಲ್ಲಿ ಡಬ್ಬಿಯ ಮುಚ್ಚಳ ಹಾರಿ, ಗೋಡಂಬಿ ಸಮೇತ ಒಂದು ಹಿಡಿ ಸಜ್ಜಿಗೆ ಸೀಟಿನ ಸಂದಿಗೆ ಇಳಿಯಿತು. ದೇವಸ್ಥಾನದ ಅಂಗಳದಲ್ಲಿ ಇಳಿದವರು ಗೋಪುರ ನೋಡುವ ಮೊದಲು ಕಾರಿನ ಚಕ್ರ ನೋಡಿದರು. “ಇಷ್ಟು ದೊಡ್ಡ ಚಕ್ರ ಇಟ್ಟುಕೊಂಡು ಇದೇಕೆ ಹೀಗೆ ಕುಕ್ಕುತ್ತದೆ? ದೊಡ್ಡ ಚಕ್ರದ ಗಾಡಿ ಹಳ್ಳ ದಿಣ್ಣೆಯನ್ನು ಸಲೀಸಾಗಿ ದಾಟಬೇಕಲ್ಲ?”

ನಾನು ಇಂಜಿನಿಯರ್ ಅಲ್ಲ, ಲೆಕ್ಕಪತ್ರ ನೋಡುವವನು. ಆದರೂ ಆ ಪ್ರಶ್ನೆ ತಲೆಯಲ್ಲಿ ಉಳಿಯಿತು, ಏಕೆಂದರೆ ಅಮ್ಮನ ತರ್ಕ ಸರಿಯಾಗಿಯೇ ಇತ್ತು. ಚಕ್ರದ ಸುತ್ತಳತೆ ದೊಡ್ಡದಾದಷ್ಟೂ ಗುಂಡಿಯೊಳಗೆ ಅದು ಇಳಿಯುವುದು ಕಡಿಮೆ. ಎತ್ತಿನ ಗಾಡಿಗೆ ಆಳೆತ್ತರದ ಚಕ್ರ ಮಾಡುತ್ತಿದ್ದುದು ಸುಮ್ಮನೆ ಅಲ್ಲ. ಅಮ್ಮ ಬಳಸಿದ ಮಾತೂ ಸರಿಯಾಗಿತ್ತು. ಕುಲುಕು ಬೇರೆ, ಓಲಾಟ ಬೇರೆ, ಕುಕ್ಕು ಬೇರೆ. ದಿಣ್ಣೆ ದಾಟಿದ ಮೇಲೂ ಕಾರು ದೋಣಿಯಂತೆ ಓಲಾಡುತ್ತಿದ್ದರೆ ಅದು ಶಾಕ್ ಅಬ್ಸಾರ್ಬರ್ ಸೋತಿದೆ ಎಂಬುದರ ಸೂಚನೆ. ಮ್ಯಾನ್‌ಹೋಲ್ ಮುಚ್ಚಳ, ಡಾಂಬರಿನ ತೇಪೆ, ಹಂಪಿನ ಅಂಚು ಇಂಥ ಚೂಪಾದ ಸಣ್ಣ ಏಟುಗಳು ನೇರವಾಗಿ ಬೆನ್ನುಮೂಳೆಗೆ ತಗಲುವುದು ಕುಕ್ಕು. ಅದರ ಮೂಲವನ್ನು ಹುಡುಕಬೇಕಾದದ್ದು ಮೊದಲು ಟೈರಿನಲ್ಲಿ.

ಮನೆಗೆ ಬಂದು ಟೈರಿನ ಮೇಲಿನ ಅಕ್ಷರ ಓದಿದೆ: 225/40 ಆರ್ 18. ಟೈರಿನ ಭಾಷೆ ನಮ್ಮ ಬೆಂಗಳೂರಿನ ಮಾತಿನ ಹಾಗೆ, ಒಂದೇ ಉಸಿರಿನಲ್ಲಿ ಮೂರು ನುಡಿ. 225 ಎನ್ನುವುದು ಅಗಲ, ಮಿಲಿಮೀಟರಿನಲ್ಲಿ. 40 ಎನ್ನುವುದು ಆ ಅಗಲದ ಶೇಕಡಾ ಎಷ್ಟು ಭಾಗ ಟೈರಿನ ಪಕ್ಕೆಯ ಎತ್ತರ ಎಂಬ ಲೆಕ್ಕ. ಮೆಕ್ಯಾನಿಕ್‌ಗಳು ಸೈಡ್‌ವಾಲ್ ಎನ್ನುವುದು ಈ ಪಕ್ಕೆಯನ್ನೇ. ಆರ್ ಎಂದರೆ ರೇಡಿಯಲ್, ಟೈರಿನೊಳಗಿನ ದಾರ ಜೋಡಿಸಿದ ಬಗೆ. 18 ಎನ್ನುವುದು ಒಳಗಿನ ಲೋಹದ ರಿಮ್ಮಿನ ವ್ಯಾಸ, ಅದು ಇಂಚಿನಲ್ಲಿ. ಅಂದರೆ ನನ್ನ ಕಾರಿನ ಪಕ್ಕೆ 90 ಮಿ.ಮೀ. ಇದೇ ಕಾರಿನ ಸಾದಾ ಮಾದರಿಗೆ 205/55 ಆರ್ 16 ಬರುತ್ತಿತ್ತು, ಅದರ ಪಕ್ಕೆ 113 ಮಿ.ಮೀ. ಎಲ್ಲಕ್ಕಿಂತ ಅಗ್ಗದ ಮಾದರಿಗೆ 195/65 ಆರ್ 15, ಪಕ್ಕೆ 127 ಮಿ.ಮೀ. ಇನ್ನು ಮೂರೂ ಟೈರುಗಳ ಹೊರಗಿನ ಒಟ್ಟು ವ್ಯಾಸ ಕೂಡಿಸಿ ನೋಡಿ: 637, 632, 634. ಹೆಚ್ಚೆಂದರೆ ಐದು ಮಿಲಿಮೀಟರಿನ ಆಸುಪಾಸಿನ ವ್ಯತ್ಯಾಸ, ಅಷ್ಟೇ! ಸ್ಪೀಡೋಮೀಟರ್ ತಪ್ಪು ಹೇಳಬಾರದು, ಚಕ್ರ ಮಡ್‌ಗಾರ್ಡಿಗೆ ತಾಗಬಾರದು ಎಂದು ಹೊರಗಿನ ಅಳತೆಯನ್ನು ಹೆಚ್ಚುಕಡಿಮೆ ಒಂದೇ ಇಟ್ಟಿರುತ್ತಾರೆ. ಹಾಗಾಗಿ ದೊಡ್ಡ ಚಕ್ರ ಎಂದು ನಾವು ಕಣ್ಣರಳಿಸುವುದು ದೊಡ್ಡ ರಿಮ್ಮಿಗೆ, ಅಷ್ಟೇ. ಲೋಹ ಬೆಳೆದಷ್ಟು ಗಾಳಿಯ ಜಾಗ ಕರಗಿದೆ. ಅಮ್ಮನ ಎತ್ತಿನ ಗಾಡಿಯ ಲಾಭ ಇಲ್ಲಿ ಒಂದು ಕೂದಲೆಳೆಯಷ್ಟೂ ಇಲ್ಲ.

ಹೋದದ್ದು ಗಾಳಿ ಮಾತ್ರವಲ್ಲ. ತೆಳ್ಳಗಿನ ಟೈರು ಅದೇ ಭಾರ ಹೊರಬೇಕಾದ್ದರಿಂದ 225/40 ಆರ್ 18 ಅಳತೆಯಲ್ಲಿ ಸಾಮಾನ್ಯವಾಗಿ ಎಕ್ಸ್‌ಎಲ್ ಎಂಬ ಬಲಪಡಿಸಿದ ಜಾತಿ ಬರುತ್ತದೆ. ಅದರ ಪಕ್ಕೆ ಇನ್ನಷ್ಟು ಬಿಗಿ. ಅಲಾಯ್, ಅಂದರೆ ಮಿಶ್ರಲೋಹದ ಚಕ್ರ, ಹಗುರ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. 18 ಇಂಚಿನ ಅಲಾಯ್ ಅನೇಕ ಸಲ 15 ಇಂಚಿನ ಉಕ್ಕಿನ ಚಕ್ರಕ್ಕಿಂತ ತೂಕ ಹೆಚ್ಚು. ಸ್ಪ್ರಿಂಗಿನ ಕೆಳಗೆ ನೇತಾಡುವ ಈ ತೂಕ ಹೆಚ್ಚಿದಷ್ಟೂ ರಸ್ತೆಯ ಏರಿಳಿತಕ್ಕೆ ಚಕ್ರ ಬೇಗ ಹೊಂದಿಕೊಳ್ಳುವುದಿಲ್ಲ.

ನಾನು ದಿನಾ ಕೆಲಸಕ್ಕೆ ಹೋಗುವುದು ಎಂ6 ಹೆದ್ದಾರಿಯಲ್ಲಿ, ಫೋರ್ಟ್ ಡನ್‌ಲಪ್ ಕಟ್ಟಡದ ಪಕ್ಕದಲ್ಲೇ. ಒಂದು ಕಾಲಕ್ಕೆ ಟೈರಿನ ದೊಡ್ಡ ಕಾರ್ಖಾನೆಯಾಗಿದ್ದ ಅದರಲ್ಲಿ ಈಗ ಕಚೇರಿಗಳೂ ಒಂದು ಹೋಟೆಲ್ಲೂ ಇವೆ. ಬೆಲ್‌ಫಾಸ್ಟ್‌ನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ 1888ರಲ್ಲಿ ಗಾಳಿ ಟೈರು ಮಾಡಿದ್ದು ಮಗನ ಮೂರು ಗಾಲಿಯ ಸೈಕಲ್ಲು ಕುಕ್ಕುತ್ತದೆ ಎಂದು. ಅಂದರೆ ಟೈರು ಹುಟ್ಟಿದ್ದೇ ಕುಕ್ಕು ತಪ್ಪಿಸಲು. ಇಲ್ಲಿಯವರು ಈಗ ಹೆಚ್ಚು ದುಡ್ಡು ಕೊಟ್ಟು ಅದನ್ನು ವಾಪಸು ತಂದುಕೊಳ್ಳುತ್ತಿದ್ದಾರೆ. ನನಗೂ ಟೈರಿನ ನಂಟು ಹೊಸದಲ್ಲ. ನಾನು ಬೆಳೆದದ್ದು ಮೈಸೂರಿನ ಕೆಆರ್‌ಎಸ್ ರಸ್ತೆಯ ಮೇಟಗಳ್ಳಿಯ ಕಡೆ, ವಿಕ್ರಾಂತ್ ಟೈರ್ಸ್ ಕಾರ್ಖಾನೆಯ ಆಸುಪಾಸಿನಲ್ಲಿ. 1997ರಲ್ಲಿ ಅದು ಜೆ.ಕೆ. ಟೈರ್ ಪಾಲಾದರೂ ನಮ್ಮ ಬಾಯಲ್ಲಿ ಅದು ಇವತ್ತಿಗೂ ವಿಕ್ರಾಂತ್. ಹೀಗೆ ಟೈರಿನ ಊರಿನಿಂದ ಟೈರಿನ ಊರಿಗೆ ಬಂದವನು ಟೈರು ನೋಡದೆ ಕಾರು ಕೊಂಡೆ.

ನೋಡಲಿಲ್ಲ, ಏಕೆಂದರೆ ಇಲ್ಲಿ ಹಳೆಯ ಕಾರು ಕೊಳ್ಳುವ ಕ್ರಮವೇ ಕಾಗದದ ಕ್ರಮ. ನಂಬರ್ ಪ್ಲೇಟ್ ಒತ್ತಿದರೆ ಆ ಕಾರಿನ ವಾರ್ಷಿಕ ಎಂಒಟಿ ತಪಾಸಣೆಯ ಇತಿಹಾಸ ಬಿಟ್ಟಿಯಾಗಿ ಸಿಗುತ್ತದೆ. ಎಷ್ಟು ಮೈಲಿ ಓಡಿದೆ, ಯಾವ ವರ್ಷ ಯಾವ ದೋಷ, ಎಲ್ಲವೂ. ಸರ್ವಿಸ್ ಪುಸ್ತಕದ ಮುದ್ರೆ ಎಣಿಸುತ್ತಾರೆ. ಅದಾದ ಮೇಲೆ ಮಾದರಿಯ ಹೆಸರು ನೋಡುತ್ತಾರೆ. ಎಸ್ ಲೈನ್, ಎಂ ಸ್ಪೋರ್ಟ್, ಆರ್ ಲೈನ್ ಎಂಬ ಬಾಲಂಗೋಚಿ ಇದ್ದರೆ ಬೆಲೆ ಏರುತ್ತದೆ. ಆ ಬಾಲಂಗೋಚಿಯ ಜೊತೆಗೆ ದೊಡ್ಡ ರಿಮ್ಮು, ಎಷ್ಟೋ ಸಲ ಬಿಗಿಯಾದ ಸಸ್ಪೆನ್ಷನ್ನೂ ಬರುತ್ತವೆ ಎಂಬುದನ್ನು ನನ್ನಂಥವರು ಯೋಚಿಸುವುದಿಲ್ಲ. ಮಾರುವವನು ಒಂದು ಸುತ್ತು ಓಡಿಸಿ ನೋಡಲು ಕಳಿಸಿದ್ದು ಹೊಸ ಡಾಂಬರಿನ ಅಗಲ ರಸ್ತೆಯಲ್ಲಿ. ಅಲ್ಲಿ ಯಾವ ಕಾರೂ ಕುಕ್ಕುವುದಿಲ್ಲ.

ಮೈಸೂರಿನಲ್ಲಿ ನನ್ನ ಸೋದರಮಾವ ಹಳೆಯ ಕಾರು ಕೊಳ್ಳುವಾಗ ಕಾಗದಕ್ಕಿಂತ ಮೊದಲು ಗೊತ್ತಿದ್ದ ಮೆಕ್ಯಾನಿಕ್ ಬರುತ್ತಿದ್ದ. ಆತ ಕಾರಿನ ನಾಲ್ಕು ಮೂಲೆಯನ್ನೂ ಎರಡು ಕೈಯಿಂದ ಅದುಮಿ ಬಿಡುತ್ತಿದ್ದ. ಎಷ್ಟು ಸಲ ಪುಟಿಯುತ್ತದೆ ಎಂದು ಎಣಿಸುತ್ತಿದ್ದ. ಆಮೇಲೆ ಮೊಣಕಾಲೂರಿ ಕೂತು ಅಂಗೈಯನ್ನು ಟೈರಿನ ಮೇಲೆ ಒಳಗಿಂದ ಹೊರಗೆ, ಹೊರಗಿಂದ ಒಳಗೆ ಸವರುತ್ತಿದ್ದ. ಒಂದು ಕಡೆ ಮಾತ್ರ ಗರಗಸದಂತೆ ತರಚಿದರೆ ಅಲೈನ್‌ಮೆಂಟ್ ಹೋಗಿದೆ ಎಂದು ಬೆಲೆ ಇಳಿಸುತ್ತಿದ್ದ. ಕೊನೆಗೆ ರಿಮ್ಮಿನ ಅಂಚಿನಲ್ಲಿ ಬೆರಳಾಡಿಸಿ ಸುತ್ತಿಗೆಯ ಗುರುತು ಹುಡುಕುತ್ತಿದ್ದ. ಗುಂಡಿಗೆ ಬಿದ್ದು ಬಾಗಿದ ಉಕ್ಕಿನ ರಿಮ್ಮನ್ನು ಪಂಕ್ಚರ್ ಅಂಗಡಿಯಲ್ಲಿ ಬಡಿದು ನೇರ ಮಾಡಿದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ. ನಾನು ಆಗ ನಗುತ್ತಿದ್ದೆ. ಬ್ರಿಟನ್ನಿನ ಕಾಗದದ ಶಿಸ್ತು ದೊಡ್ಡದು, ನಮ್ಮಲ್ಲಿ ಅದು ಬೇಕೇ ಬೇಕು. ಆದರೆ ಕಾರನ್ನು ಮುಟ್ಟಿ ನೋಡುವ ವಿಷಯದಲ್ಲಿ ಆ ಮೆಕ್ಯಾನಿಕ್ಕನ ಅಂಗೈಗೇ ನನ್ನ ಓಟು.

ಎರಡೂ ನಾಡುಗಳು ಸವಾರಿಯ ಸುಖವನ್ನು ಹೇಗೆ ಬೇರೆಬೇರೆಯಾಗಿ ಅಳೆದವು ಎನ್ನುವುದಕ್ಕೆ ಸ್ವಿಫ್ಟ್ ಕಾರಿಗಿಂತ ಒಳ್ಳೆಯ ಸಾಕ್ಷಿ ಬೇಡ. ಕಳೆದ ದಶಕದಲ್ಲಿ ಭಾರತದ ಸಾದಾ ಸ್ವಿಫ್ಟ್‌ಗೆ 165/80 ಆರ್ 14, ಮೇಲಿನ ಮಾದರಿಗೆ 185/65 ಆರ್ 15. ಬ್ರಿಟನ್ನಿನಲ್ಲಿ ಅದೇ ಸ್ವಿಫ್ಟ್ 175/65 ಆರ್ 15 ಮತ್ತು 185/55 ಆರ್ 16 ತೊಟ್ಟು ಬಂತು. ಪಕ್ಕೆಯ ಲೆಕ್ಕಕ್ಕೆ ಇಳಿಸಿದರೆ ಅಲ್ಲಿ 132 ಮತ್ತು 120 ಮಿ.ಮೀ., ಇಲ್ಲಿ 114 ಮತ್ತು 102. ನಮ್ಮೂರಿನ ಅಗ್ಗದ ಸ್ವಿಫ್ಟ್‌ಗೆ ಇಲ್ಲಿಯ ದುಬಾರಿ ಸ್ವಿಫ್ಟ್‌ಗಿಂತ 30 ಮಿ.ಮೀ. ದಪ್ಪ ದಿಂಬು. ನಮ್ಮ ರಸ್ತೆಗಳು ಕೆಟ್ಟವು, ಅದಕ್ಕೇ ಎನ್ನಬಹುದು. ಒಪ್ಪುತ್ತೇನೆ, ಆದರೆ ಇಲ್ಲಿಯ ರಸ್ತೆಗಳು ರೇಷ್ಮೆ ಎಂದು ಭಾವಿಸಬೇಡಿ. ಚಳಿಗಾಲದಲ್ಲಿ ಬಿರುಕಿಗೆ ಇಳಿದ ನೀರು ಹೆಪ್ಪುಗಟ್ಟಿ ಶೇಕಡಾ 9ರಷ್ಟು ಹಿಗ್ಗುತ್ತದೆ, ಡಾಂಬರನ್ನು ಒಳಗಿನಿಂದ ಎತ್ತುತ್ತದೆ. ಫೆಬ್ರವರಿಯ ಹೊತ್ತಿಗೆ ಬಡಾವಣೆಯ ರಸ್ತೆಗಳಲ್ಲಿ ಗುಂಡಿಗಳ ಸುತ್ತ ಬಣ್ಣದ ಗೆರೆ ಎಳೆದು ಹೋಗಿರುತ್ತಾರೆ, ರಂಗೋಲಿ ಹಾಕಿದ ಹಾಗೆ. ತುಂಬಿಸುವವರು ಯಾವಾಗ ಬರುತ್ತಾರೆ ಎಂಬುದು ಬೇರೆ ಮಾತು. ಹಂಪುಗಳ ವಿಷಯ ಇನ್ನೂ ಸ್ವಾರಸ್ಯ. ಕಾಗದದ ಮೇಲೆ ಎರಡು ದೇಶಗಳಿಗೂ ಹೆಚ್ಚು ವ್ಯತ್ಯಾಸವಿಲ್ಲ: ರಸ್ತೆಗಳ ಮಾನದಂಡ ರೂಪಿಸುವ ‘ಇಂಡಿಯನ್ ರೋಡ್ಸ್ ಕಾಂಗ್ರೆಸ್’ ಸಂಸ್ಥೆಯ ನಿಯಮದಂತೆ ಹಂಪು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, ಬ್ರಿಟನ್ನಿನ 1999ರ ನಿಯಮದಲ್ಲೂ ಗರಿಷ್ಠ ಎತ್ತರ 10 ಸೆಂ.ಮೀ. ವ್ಯತ್ಯಾಸ ಇರುವುದು ಕಾಗದದಾಚೆ. ನಮ್ಮಲ್ಲಿ ಊರ ಹಿರಿಯರು ರಾತ್ರೋರಾತ್ರಿ ಕಟ್ಟಿಸಿದ ಹಂಪಿಗೆ ಯಾವ ನಿಯಮವೂ ಇಲ್ಲ, ಬಣ್ಣವೂ ಇಲ್ಲ.

ತೆಳು ಪಕ್ಕೆಯ ಟೈರು ಗುಂಡಿಗೆ ಬಿದ್ದಾಗ ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಂತಾಗುತ್ತದೆ. ಒಳಗಿನ ದಾರ ಕಡಿದು ಪಕ್ಕೆಯಲ್ಲಿ ಗುಳ್ಳೆ ಏಳುತ್ತದೆ. ಅದಕ್ಕೆ ರಿಪೇರಿ ಎಂಬುದಿಲ್ಲ, ಇಲ್ಲಿಯ ಎಂಒಟಿಯಲ್ಲಿ ಅದು ಅಪಾಯಕಾರಿ ದೋಷ. ಹಳೆಯ ಕಾರಿನ ಎಂಒಟಿ ಇತಿಹಾಸದಲ್ಲಿ ವರ್ಷ ಬಿಟ್ಟು ವರ್ಷ ಟೈರಿನ ಹಾನಿ, ರಿಮ್ಮಿನ ಬಾಗು ಕಾಣಿಸಿದರೆ ಆ ಚಕ್ರ ಆ ರಸ್ತೆಗಳಿಗೆ ಒಗ್ಗಿಲ್ಲ ಎಂದೇ ಅರ್ಥ. ನನ್ನ ಕಾರಿನ ಇತಿಹಾಸದಲ್ಲಿ ಅದು ಮೂರು ಸಲ ಇತ್ತು. ಓದಿದ್ದೆ, ಮುಂದೆ ಹೋಗಿದ್ದೆ.

ತಮಾಷೆ ಎಂದರೆ ಇದೇ ಹೊತ್ತಿಗೆ ಬೆಂಗಳೂರಿನಲ್ಲಿ ನನ್ನ ಚಿಕ್ಕಪ್ಪನ ಮಗ ಹಳೆಯ ಸ್ವಿಫ್ಟ್ ಕೊಂಡು, ನೇರ ಜೆ.ಸಿ. ರಸ್ತೆಗೆ ಹೋಗಿ 14 ಇಂಚಿನ ಚಕ್ರ ಬಿಚ್ಚಿಸಿ 195/55 ಆರ್ 16 ಹಾಕಿಸಿಕೊಂಡ. ಹೊರಗಿನ ವ್ಯಾಸ ಸರಿಯಾಗಿಯೇ ಹೊಂದುತ್ತದೆ. ಪಕ್ಕೆ ಮಾತ್ರ 132ರಿಂದ 107ಕ್ಕೆ. ಕಾರ್ಖಾನೆಯವರು ಬೆಂಗಳೂರಿನ ಗುಂಡಿ ನೋಡಿ ಇಟ್ಟ ದಿಂಬನ್ನು ಇವನು ದುಡ್ಡು ಕೊಟ್ಟು ತೆಗೆಸಿದ. ಇಲ್ಲಾದರೆ ಕಂಪನಿಯೇ ತೆಗೆದು ಕೊಡುತ್ತದೆ, ನಮ್ಮಲ್ಲಿ ನಾವೇ ತೆಗೆಸಿಕೊಳ್ಳುತ್ತೇವೆ. ಎಸ್‌ಯುವಿಗಳ ಮಾತು ಬೇರೆ. ಕ್ರೆಟಾದ 215/60 ಆರ್ 17 ಟೈರಿನ ಹೊರ ವ್ಯಾಸ 690 ಮಿ.ಮೀ., ಪಕ್ಕೆ 129. ರಿಮ್ಮೂ ದೊಡ್ಡದು, ಗಾಳಿಯೂ ಉಂಟು. ಅಮ್ಮನ ಗಾಡಿ ಚಕ್ರದ ತರ್ಕಕ್ಕೆ ನ್ಯಾಯ ಸಿಕ್ಕಿದ್ದು ಅಲ್ಲಿ.

ನಾನು ಮಾಡಿದ್ದು ಇಷ್ಟು. ಮೊದಲು ಗಾಳಿ ನೋಡಿದೆ: ಬಾಗಿಲ ಚೌಕಟ್ಟಿನ ಚೀಟಿ 33 ಪಿಎಸ್‌ಐ ಎನ್ನುತ್ತಿತ್ತು, ಟೈರಿನಲ್ಲಿ 40 ಇತ್ತು! ಇಳಿಸಿದಾಗ ಕುಕ್ಕು ಒಂದಿಷ್ಟು ಇಳಿಯಿತು, ಸಾಲಲಿಲ್ಲ. ಟೈರಿನ ಮೇಲಿನ ನಾಲ್ಕಂಕಿ 1617 ಎಂದಿತ್ತು, ಅಂದರೆ 2017ರ 16ನೆಯ ವಾರದ ಟೈರು. ಕಾರಿನಷ್ಟೇ ವಯಸ್ಸು, ರಬ್ಬರ್ ಗಡುಸಾಗಿ ಹೋಗಿತ್ತು. ಹೊಸ ಟೈರು ಹೇಗೂ ಬೇಕಿತ್ತು. ಹಾಗಾಗಿ ಹಳೆಯ ಕಾರು ಬಿಚ್ಚಿ ಮಾರುವ ಅಂಗಳದಲ್ಲಿ ಇದೇ ಕಾರಿನ 16 ಇಂಚಿನ ಚಕ್ರಗಳನ್ನು ಹುಡುಕಿದೆ. ಬೋಲ್ಟುಗಳ ಅಂತರ, ಚಕ್ರದ ಆಫ್‌ಸೆಟ್ (ಚಕ್ರ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತದೆ ಎಂಬ ಅಳತೆ), ಟೈರು ಹೊರಬಲ್ಲ ಭಾರದ ಅಂಕಿ ಹೊಂದಬೇಕು, ರಿಮ್ಮು ಬ್ರೇಕಿನ ಕ್ಯಾಲಿಪರ್‌ಗೆ ತಾಗಬಾರದು; 16 ಇಂಚಿನ ಟೈರಿನ ಅಳತೆ ಬಾಗಿಲ ಚೀಟಿಯಲ್ಲಿಯೇ ಇದ್ದುದರಿಂದ ಕೆಲಸ ಹಗುರವಾಯಿತು. ವಿಮೆಯವರಿಗೂ ಹೇಳಿದೆ, ಇಲ್ಲಿ ಚಕ್ರ ಬದಲಿಸಿ ಸುಮ್ಮನಿದ್ದರೆ ನಾಳೆ ಪರಿಹಾರಕ್ಕೆ ತೊಡಕು. ಈಗ ತಿರುವಿನಲ್ಲಿ ಸ್ಟೀರಿಂಗ್ ತುಸು ಸೋಮಾರಿ, ಅದು ನಿಜ. ನನ್ನ ಕಾರು ನೋಡಿದ ಸಹೋದ್ಯೋಗಿ “ಚಕ್ರ ಚಿಕ್ಕದಾಗಿ ಕಾಣುತ್ತದೆ” ಎಂದ. ನಾನು ಕೂರುವುದು ಒಳಗೆ, ಹೊರಗೆ ನಿಂತು ನೋಡುವವನು ಅವನು.

ಅಮ್ಮ ವಾಪಸು ಹೋಗುವ ಮುನ್ನ ಇನ್ನೊಮ್ಮೆ ಟಿವಿಡೇಲ್‌ಗೆ ಹೋದೆವು. ಈ ಸಲ ಮಡಿಲಲ್ಲಿ ಕೋಸಂಬರಿ, ಮುಚ್ಚಳ ಜಾಗದಲ್ಲೇ ಇತ್ತು. ಅಮ್ಮ ಏನೂ ಹೇಳಲಿಲ್ಲ, ಹಿಡಿಯನ್ನೂ ಹಿಡಿಯಲಿಲ್ಲ.

ಆ 18 ಇಂಚಿನ ಚಕ್ರಗಳನ್ನು ನಮ್ಮ ಬೀದಿಯ ಕೊನೆಯ ಮನೆಯ ಹುಡುಗನೊಬ್ಬ ಖುಷಿಯಿಂದ ಕೊಂಡ. ಟೈರಿನ ವಯಸ್ಸನ್ನು ಅವನಿಗೆ ಹೇಳಿಯೇ ಕೊಟ್ಟೆ. ಹೊಸ ಟೈರು ಹಾಕಿಸಿ ರಿಮ್ಮಿಗೆ ಕಪ್ಪು ಬಣ್ಣವನ್ನೂ ಹೊಡೆಸಿದ್ದಾನೆ. ಬೆಳಿಗ್ಗೆ ಏಳೂವರೆಗೆ ನಾನು ಕಾಫಿ ಸೋಸುವ ಹೊತ್ತಿಗೆ ಅವನ ಕಾರು ನಮ್ಮ ಮನೆಯ ಮುಂದಿನ ಹಂಪು ಹತ್ತಿ ಇಳಿಯುತ್ತದೆ. ದಡ್, ದಡ್, ಎರಡು ಸಲ, ಅಡುಗೆಮನೆಯವರೆಗೂ ಕೇಳಿಸುತ್ತದೆ.