ಎಣ್ಣೆಗಿಂತ ಮೊದಲು ನೀರಿನ ಲೆಕ್ಕ

ಪಾಚಿಯ ಎಣ್ಣೆಯಿಂದ ಡೀಸೆಲ್ ಮಾಡುವ ಕುರಿತ ಲೇಖನವೊಂದರಲ್ಲಿ, ಪಾಚಿಯಿಂದ ಎಕರೆಗೆ ಸೋಯಾಗಿಂತ ಹತ್ತಾರು ಪಟ್ಟು ಎಣ್ಣೆ ಎಂದಿದೆ. ನೀರು ಬೇರ್ಪಡಿಸುವ ಖರ್ಚಿನ ಮಾತೇ ಇಲ್ಲ. ತೆರೆದ ಕೊಳದಲ್ಲಿ ಲೀಟರಿಗೆ ಸಿಗುವುದು ಸುಮಾರು ಅರ್ಧ ಗ್ರಾಂ ಒಣ ಪಾಚಿ. ಅಂದರೆ ಒಂದು ಕೆಜಿಗೆ 2000 ಲೀಟರ್ ನೀರು ಸೋಸಬೇಕು. ಅದರಲ್ಲಿ ಶೇ 25 ಕೊಬ್ಬಿದ್ದರೂ ಬರುವುದು ಕಾಲು ಕೆಜಿ ಎಣ್ಣೆ, ಅಷ್ಟೇ. ಅಷ್ಟೂ ನೀರನ್ನು ನೇರ ಸೆಂಟ್ರಿಫ್ಯೂಜ್‌ಗೆ (ವೇಗವಾಗಿ ತಿರುಗಿಸಿ ಪಾಚಿ ಬೇರ್ಪಡಿಸುವ ಯಂತ್ರ) ಹಾಕಿದರೆ ಕರೆಂಟು ಬಿಲ್ಲೇ ಲಾಭ ನುಂಗುತ್ತದೆ. ಮೊದಲು ಪಟಿಕ ಅಥವಾ ಕೈಟೋಸಾನ್ (ಸಿಗಡಿ, ಏಡಿ ಚಿಪ್ಪಿನಿಂದ ತೆಗೆದ ವಸ್ತು) ಹಾಕಿ, ಪಾಚಿ ಮುದ್ದೆಗಟ್ಟಿ ತಳಕ್ಕಿಳಿದ ಮೇಲೆ ಯಂತ್ರ. ಪಾಚಿಗೆ ಸಾರಜನಕದ ಗೊಬ್ಬರ ನಿಲ್ಲಿಸಿದರೆ ಕೊಬ್ಬು ಏರುತ್ತದೆ ನಿಜ, ಆದರೆ ಬೆಳವಣಿಗೆ ಕುಸಿಯುತ್ತದೆ. ಎಣ್ಣೆಯನ್ನು ಡೀಸೆಲ್ ಮಾಡಲು ಮೆಥನಾಲ್, ಕಾಸ್ಟಿಕ್ ಸೋಡಾ ಸೇರಿಸುತ್ತಾರೆ; ತೇವ ಉಳಿದ ಎಣ್ಣೆಗೆ ಸೇರಿಸಿದರೆ ಡೀಸೆಲ್ ಬದಲು ಸಾಬೂನು! ಅಮೆರಿಕ 1978ರಿಂದ 1996ರವರೆಗೆ ನಡೆಸಿದ ಪಾಚಿ ಇಂಧನ ಯೋಜನೆಯಲ್ಲಿ ನ್ಯೂ ಮೆಕ್ಸಿಕೊದ ರೋಸ್‌ವೆಲ್ ಕೊಳಗಳ ಇಳುವರಿ ಬಿದ್ದದ್ದು ರಾತ್ರಿಯ ಚಳಿಗೆ.