ಸಿಸ್ಟರ್, ಒಂದು ಪೆನ್ ಕೊಡಿ

ನರ್ಸುಗಳಿಗೆ ಇಡದೆ ಉಳಿದಿರುವ ಹೆಸರು ನಮ್ಮಲ್ಲಿ ಇನ್ನು ಹೆಚ್ಚಿಲ್ಲ. ನಿನ್ನೆ ಮೊನ್ನೆಯ ಸ್ಟಾಫ್ ನರ್ಸ್ ಈಗ ಸರ್ಕಾರಿ ಕಡತದಲ್ಲಿ ಶುಶ್ರೂಷಾಧಿಕಾರಿ. ಅಧಿಕಾರಿ ಅಂದಮೇಲೆ ಅಧಿಕಾರ ಎಲ್ಲಿ ಅಂತ ಕೇಳಬಾರದು. ಅದು ಮೂಗಿಗೆ ಸವರಿದ ತುಪ್ಪ. ಘಮ ಆಘ್ರಾಣಿಸುತ್ತಾ ಬೆಡ್‌ಶೀಟ್ ಎಣಿಸಬೇಕು, ಇಂಡೆಂಟ್ ಪುಸ್ತಕ ತುಂಬಬೇಕು. ವಾರ್ಡಿನ ಪಾಲಿಗೆ ಅವರು ಎಂದೆಂದಿಗೂ 'ಸಿಸ್ಟರ್', ಗಂಡಸಾದರೆ 'ಬ್ರದರ್'. ಇಷ್ಟೊಂದು ಒಡಹುಟ್ಟಿದವರಿರುವ ಇಲಾಖೆಯಲ್ಲಿ ಆಸ್ತಿ ಪಾಲು ಕೇಳಿದರೆ ಮಾತ್ರ ಯಾರೂ ಸಿಗುವುದಿಲ್ಲ.

2017ರ ಸುಮಾರಿಗೆ ಭಾರತೀಯ ಶುಶ್ರೂಷಾ ಪರಿಷತ್ತು 'ನರ್ಸ್ ಪ್ರಾಕ್ಟಿಷನರ್ ಇನ್ ಕ್ರಿಟಿಕಲ್ ಕೇರ್' ಅಂತ ಎರಡು ವರ್ಷದ ಸ್ನಾತಕೋತ್ತರ ಕೋರ್ಸ್ ತಂದಿತು. ನರ್ಸ್ ಪ್ರಾಕ್ಟಿಷನರ್ ಅಂದರೆ ವೈದ್ಯರ ಕೆಲಸದಲ್ಲಿ ಒಂದಿಷ್ಟನ್ನು ತಾನೇ ನಿಭಾಯಿಸುವಷ್ಟು ಹೆಚ್ಚು ಓದಿದ ನರ್ಸ್. ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ವಾರ್ಡಿನಲ್ಲಿ ಕೆಲಸ ಮಾಡಿ ಬಂದವರಿಗೆ ರೆಸಿಡೆನ್ಸಿ; ಪಾಠದ ಕೋಣೆಗಿಂತ ಐಸಿಯುವಿನಲ್ಲೇ ಹೆಚ್ಚು ಹೊತ್ತು. ವೆಂಟಿಲೇಟರ್, ಎಬಿಜಿ ಎಂಬ ರಕ್ತದ ಅನಿಲ ಪರೀಕ್ಷೆ, ಹೃದಯಸ್ತಂಭನ ಎಲ್ಲವನ್ನೂ ಅರೆದು ಕುಡಿಸಿ ಹೊರಗೆ ಕಳಿಸಿದರು. ಹೊರಗೆ ಬಂದವರು ಆ ಹೆಸರಿನ ಹುದ್ದೆ ಹುಡುಕಲು ದುರ್ಬೀನು ಹಿಡಿಯಬೇಕಾಯಿತು. ಒಬ್ಬರು ಕಾಲೇಜಿನಲ್ಲಿ ಟ್ಯೂಟರ್ ಆದರು, ಇನ್ನೊಬ್ಬರು ಮೊದಲಿನ ನೈಟ್ ಡ್ಯೂಟಿ ಪಟ್ಟಿಗೇ ಮರಳಿದರು.

ಆ ನೈಟ್ ಡ್ಯೂಟಿಯನ್ನೇ ನೋಡಿ. ರಾತ್ರಿ ಮೂರು ಗಂಟೆ. 60 ಕೆಜಿಯ ರೋಗಿಯ ಬಿಪಿ ಕುಸಿಯುತ್ತಿದೆ. ಡ್ಯೂಟಿ ಡಾಕ್ಟರು ಬಂದು ಎರಡು ವಾರ. ಹುಡುಗ ಪ್ರಾಮಾಣಿಕ, ಅದಕ್ಕೇ ಕೇಳುತ್ತಾನೆ: 'ಸಿಸ್ಟರ್, ಬಿಪಿ ಏರಿಸೋಕೆ ನಾರ್‌ಅಡ್ರಿನಲಿನ್ ಹೇಗೆ ಹಾಕೋಣ?' ಸಿಸ್ಟರ್ ಹೇಳುತ್ತಾರೆ: 4 ಮಿಲಿಗ್ರಾಂ, ಡೆಕ್ಸ್‌ಟ್ರೋಸ್ ಸೇರಿಸಿ ಸಿರಿಂಜಿನಲ್ಲಿ ಒಟ್ಟು 50 ಮಿ.ಲೀ. ಅಂದರೆ ಮಿ.ಲೀ.ಗೆ 80 ಮೈಕ್ರೋಗ್ರಾಂ. ಕೆಜಿಗೆ ನಿಮಿಷಕ್ಕೆ 0.1 ಮೈಕ್ರೋಗ್ರಾಂ ಲೆಕ್ಕದಲ್ಲಿ ಸಿರಿಂಜ್ ಪಂಪು ಗಂಟೆಗೆ 4.5 ಮಿ.ಲೀ. ದೊಡ್ಡ ರಕ್ತನಾಳಕ್ಕೆ ಹಾಕಿರೋ ಸೆಂಟ್ರಲ್ ಲೈನಿನಲ್ಲೇ ಬಿಡಿ ಡಾಕ್ಟ್ರೇ, ಕೈಯ ನರದಲ್ಲಿ ಬಿಟ್ಟು ಸೋರಿದರೆ ಚರ್ಮ ಬಿಳಚಿಕೊಂಡು ಕೊಳೆಯುತ್ತೆ. ಡಾಕ್ಟರು ಅದನ್ನೇ ಕೇಸ್‌ಶೀಟಿಗೆ ಇಳಿಸುತ್ತಾರೆ. ಶಾಯಿ ಒಣಗುವಷ್ಟರಲ್ಲಿ ಅದು 'ವೈದ್ಯರ ಆದೇಶ'. ಆಗ ಸಿಸ್ಟರು ಆ ಆದೇಶವನ್ನು ಗೌರವದಿಂದ ಪಾಲಿಸುತ್ತಾರೆ.

ರೋಗಿ ಉಳಿದರೆ ವೈದ್ಯರ ಸಮಯಪ್ರಜ್ಞೆ, ಔಷಧ ಸೋರಿದರೆ ನರ್ಸಿನ ನಿರ್ಲಕ್ಷ್ಯ. ಈ ಲೆಕ್ಕಕ್ಕೆ ಪಂಪು ಬೇಕಿಲ್ಲ, ಬಾಯಲ್ಲೇ ಬರುತ್ತದೆ.

ತಪ್ಪು ಆ ಹುಡುಗನದ್ದಲ್ಲ. ಚೀಟಿಯಿಲ್ಲದೆ ಮಾರಬಾರದ 'ಶೆಡ್ಯೂಲ್ ಎಚ್' ವರ್ಗದ ಮಾತ್ರೆಯ ಸ್ಟ್ರಿಪ್ಪನ್ನು ತಿರುವಿ ನೋಡಿ, ನೋಂದಾಯಿತ ವೈದ್ಯರ ಚೀಟಿಯ ಮೇಲೆ ಮಾತ್ರ ಮಾರಬೇಕು ಅಂತ ಅಚ್ಚಾಗಿರುತ್ತದೆ. ಆಧಾರ 1945ರ ಔಷಧ ನಿಯಮಗಳು. ನರ್ಸ್ ಪ್ರಾಕ್ಟಿಷನರಿಗೆ ಸಿಕ್ಕಿರುವುದು ಆಸ್ಪತ್ರೆ ಬರೆದುಕೊಟ್ಟ ಪ್ರೊಟೋಕಾಲಿನ ನೆರಳು. ನೆರಳು ದೊಡ್ಡದೋ ಚಿಕ್ಕದೋ ಅನ್ನುವುದು ಆಸ್ಪತ್ರೆಯ ಮರ್ಜಿ.

ಹೆಸರಿಡುವ ಹಬ್ಬ ಅಲ್ಲಿಗೇ ಮುಗಿಯಲಿಲ್ಲ. 2018ರಲ್ಲಿ ಕೇಂದ್ರ ಸರ್ಕಾರದ ಮಾರ್ಗಸೂಚಿ ಬಂತು: ಹದಿನೆಂಟು ತಿಂಗಳ ತರಬೇತಿ ಪಡೆದ 'ನರ್ಸ್ ಪ್ರಾಕ್ಟಿಷನರ್ ಇನ್ ಮಿಡ್‌ವೈಫರಿ' ಸಹಜ ಹೆರಿಗೆಯ ಹೊಣೆ ಹೊರಬೇಕು. ನಮ್ಮ ಸೂಲಗಿತ್ತಿಯರು ಬರೀ ಕೈಯಲ್ಲಿ ಮಾಡಿದ್ದಕ್ಕೆ ಕೊನೆಗೂ ಇಂಗ್ಲಿಷಿನಲ್ಲಿ ಹೆಸರು ಸಿಕ್ಕಿತು, ಸಂತೋಷ.

ಅದೇ ವರ್ಷ ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳು ಶುರುವಾದವು. ಆರು ತಿಂಗಳ ಬ್ರಿಡ್ಜ್ ಕೋರ್ಸ್ ಮುಗಿಸಿದ ನರ್ಸು ಅಲ್ಲಿ ಸಮುದಾಯ ಆರೋಗ್ಯ ಅಧಿಕಾರಿ, ಬಯಲುಸೀಮೆಯಲ್ಲಾದರೆ ಒಂದು ಉಪಕೇಂದ್ರಕ್ಕೆ 5,000 ಜನ. ಮತ್ತೆ ಅಧಿಕಾರಿ, ಅದೂ ಗುತ್ತಿಗೆಯ ಮೇಲೆ! ಬಿಪಿ 160/100 ಅಂತ ಕಂಡುಹಿಡಿಯಬಹುದು, ಎರಡನೇ ಸಲ ಅಳೆದು ಖಚಿತಪಡಿಸಬಹುದು. ಮೊದಲ ಮಾತ್ರೆ ಶುರುಮಾಡಲು ಮಾತ್ರ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೇ ಬೇಕು, ಇಲ್ಲವೇ ಇ-ಸಂಜೀವಿನಿ ಎಂಬ ಆನ್‌ಲೈನ್ ವೈದ್ಯ ಸೇವೆಯ ಪರದೆಯಲ್ಲಿ ಇನ್ನೊಬ್ಬ ವೈದ್ಯರು. ನೆಟ್‌ವರ್ಕ್ ಬರುವವರೆಗೆ ಅಜ್ಜಿ ಬೆಂಚಿನ ಮೇಲೆ ಕೂತಿರಲಿ, ಕಾಯುತ್ತಾ ಕಾಯುತ್ತಾ ಬಿಪಿ ತಾನಾಗಿ ಇಳಿದರೆ ಅದೂ ಚಿಕಿತ್ಸೆಯೇ. ಆ ಬಿಡುವಿನಲ್ಲಿ ಪೋರ್ಟಲ್‌ಗಳನ್ನು ತುಂಬಿ, ಯೋಗ ಶಿಬಿರದ ಫೋಟೋ ಏರಿಸಬೇಕು. ಫೋಟೋದಲ್ಲಿ ಅಜ್ಜಿಯೂ ಕೈ ಎತ್ತಿದ್ದರೆ ಒಳ್ಳೆಯದು. 2023ರಲ್ಲಿ ಕೇಂದ್ರದ ಹೆಸರೇ 'ಆಯುಷ್ಮಾನ್ ಆರೋಗ್ಯ ಮಂದಿರ' ಅಂತಾಯಿತು. ಮಂದಿರವೆಂದ ಮೇಲೆ ಕಾಯುವುದಕ್ಕೂ ಒಂದು ಪುಣ್ಯವಿದೆ.

ಅತ್ತ ಅಮೆರಿಕದ ಕೊಲರಾಡೊದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ನರ್ಸ್, ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರ ಜೊತೆ ಸೇರಿ ಮೊದಲ ನರ್ಸ್ ಪ್ರಾಕ್ಟಿಷನರ್ ತರಬೇತಿ ಶುರುಮಾಡಿದ್ದು 1965ರಲ್ಲಿ. ಇಂದು ಅಲ್ಲಿನ ಹಲವು ರಾಜ್ಯಗಳಲ್ಲಿ ನರ್ಸ್ ಪ್ರಾಕ್ಟಿಷನರೇ ಚೀಟಿ ಬರೆಯುತ್ತಾರೆ, ಸಹಿಯೂ ಅವರದೇ. ಇಲ್ಲಿಂದ ಹೋದ ನರ್ಸೂ ಅಲ್ಲಿ ಮತ್ತೆ ಓದಿ, ಪರೀಕ್ಷೆ ಪಾಸು ಮಾಡಿದರೆ ಬರೆಯಬಹುದು. ರಜೆಗೆ ಊರಿಗೆ ಬಂದು ವಿಮಾನ ಇಳಿದ ಕೂಡಲೇ ಆ ಜ್ಞಾನ ಆವಿಯಾಗುತ್ತದೆ. ಬಹುಶಃ ಕಸ್ಟಮ್ಸ್‌ನವರು ಹಿಡಿದಿಟ್ಟುಕೊಳ್ಳುತ್ತಾರೆ.

ಇತ್ತ ಐಸಿಯುವಿನಲ್ಲಿ ಬೆಳಗಾಗಿದೆ. ಎಂಟು ಗಂಟೆಗೆ ರೌಂಡ್ಸ್. ದೊಡ್ಡ ಡಾಕ್ಟರು ಚಾರ್ಟ್ ನೋಡಿ 'ಗುಡ್, 4.5, ಸರಿಯಾಗಿದೆ' ಅಂತ ಹುಡುಗನ ಬೆನ್ನು ತಟ್ಟುತ್ತಾರೆ. ರಾತ್ರಿ ಅವಸರದಲ್ಲಿ ಬರೆದ ಆದೇಶದ ಕೆಳಗೆ ಸಹಿ ಬಿಟ್ಟುಹೋಗಿದೆ. ಹುಡುಗ ಕೋಟಿನ ಎರಡೂ ಜೇಬು ತಡಕುತ್ತಾನೆ, ಸಿಸ್ಟರ ಕಡೆ ಕೈ ಚಾಚುತ್ತಾನೆ. ಅವರು ಕೊಡುತ್ತಾರೆ. ಅವನು ಸಹಿ ಹಾಕಿ, ಪೆನ್ನನ್ನು ತನ್ನ ಜೇಬಿಗೆ ಸಿಕ್ಕಿಸಿಕೊಂಡು ಮುಂದಿನ ಬೆಡ್‌ಗೆ ಹೋಗುತ್ತಾನೆ.