ತಿರುಪಿಲ್ಲದ ನಲ್ಲಿ

ರೋಮ್‌ಗೆ ಕಾಲಿಟ್ಟು ಇನ್ನೂ ಒಂದು ಗಂಟೆ ಆಗಿರಲಿಲ್ಲ. ನಮ್ಮತ್ತೆ ಬೀದಿಬದಿಯಲ್ಲಿ ಬಗ್ಗಿ ನಿಂತು ಒಂದು ನಲ್ಲಿಯ ಸುತ್ತ ಕೈಯಾಡಿಸುತ್ತಿದ್ದರು. ಎದೆಮಟ್ಟದ ಎರಕದ ಕಬ್ಬಿಣದ ಕಂಬ. ಅದರಿಂದ ಬಾಗಿದ ಒಂದು ಕೊಳವೆ. ನೀರು ಸುರಿಯುತ್ತಲೇ ಇತ್ತು. ಹಿಡಿಯುವವರು ಯಾರೂ ಇಲ್ಲ. ಕೆಳಗಿನ ಜಾಲರಿಯಲ್ಲಿ ಬಿದ್ದು ಸುಮ್ನೆ ಹೋಗುತ್ತಿತ್ತು.

"ಯಾರೋ ಬಿಟ್ಟು ಹೋಗಿದ್ದಾರಲ್ಲೇ, ಹಾಳಾದೋರು. ತಿರುಪು ಎಲ್ಲಿದೆ ನೋಡು," ಎಂದರು.

ನೋಡಿದೆ. ಹಿಂದೆ ನೋಡಿದೆ, ಮೇಲೆ ನೋಡಿದೆ. ತಿರುಪೇ ಇಲ್ಲ! ನಮ್ಮನೆಯವರು ಎರಡು ಸೂಟ್‌ಕೇಸ್ ಎಳೆದುಕೊಂಡು ಮುಂದೆ ಹೋಗಿದ್ದರು. ಆ ಕರಿಕಲ್ಲಿನ ಬೀದಿಯಲ್ಲಿ ಸೂಟ್‌ಕೇಸಿನ ಚಕ್ರ ಮಾಡುವ ಸದ್ದಿಗೆ ನಾವು ಕರೆದದ್ದು ಅವರಿಗೆ ಕೇಳಿಸಲೇ ಇಲ್ಲ. ಅತ್ತೆಯನ್ನು ಅಲ್ಲಿಂದ ಎಬ್ಬಿಸಿಕೊಂಡು ಹೋಗಲು ನನಗೆ ಐದು ನಿಮಿಷ ಹಿಡಿಯಿತು. ಹೋಗುತ್ತಾ ನಾಲ್ಕು ಸಲ ತಿರುಗಿ ನೋಡಿದರು. ಒಲೆ ಮೇಲೆ ಹಾಲಿಟ್ಟು ಬಂದವರ ಹಾಗೆ.

ಅವರ ಸಂಕಟ ನನಗೆ ಗೊತ್ತು. ಬಯಲುಸೀಮೆಯ ನಮ್ಮೂರಲ್ಲಿ ನಲ್ಲಿ ಅಂದರೆ ಅತಿಥಿ. ಯಾವಾಗ ಬರುತ್ತದೋ ಹೇಳುವುದಿಲ್ಲ, ಬಂದರೆ ಜಾಸ್ತಿ ಹೊತ್ತು ಕೂರುವುದಿಲ್ಲ. ಮೊದಲು ಬರೀ ಗಾಳಿ ಬರುತ್ತದೆ, ಬುಸ್ ಬುಸ್ ಅಂತ. ಆ ಸದ್ದಿಗೆ ಅತ್ತೆ ಎಂಥ ನಿದ್ದೆಯಲ್ಲಿದ್ದರೂ ಎದ್ದು ಕೂರುತ್ತಾರೆ. ಆಮೇಲೆ ಹಂಡೆ, ಕೊಡ, ಬಕೆಟ್, ಕೊನೆಗೆ ಪಾತ್ರೆ ಲೋಟ ಕೂಡ ತುಂಬುತ್ತವೆ. ಅಕ್ಕಪಕ್ಕದ ಮನೆಯವರ ಜತೆ ಅವರ ಮಾತು ಶುರುವಾಗುವುದೇ "ನೀರು ಬಂತಾ?" ಎಂದು. ಊಟ ಆಯ್ತಾ ಅನ್ನುವುದು ಆಮೇಲೆ. ಇಂಥವರನ್ನು ಕರೆದುಕೊಂಡು ಹೋಗಿ ನಾವು ಸುಮಾರು 2,500 ತಿರುಪಿಲ್ಲದ ನಲ್ಲಿಗಳಿರುವ ಊರಿನಲ್ಲಿ ಬಿಟ್ಟಿದ್ದೆವು.

ಆ ನಲ್ಲಿಗೆ ಅಲ್ಲಿಯ ಜನ ನಸೋನೆ ಅನ್ನುತ್ತಾರೆ. ದೊಡ್ಡ ಮೂಗು ಅಂತ ಅರ್ಥ. ಬಾಗಿದ ಕೊಳವೆ ನೋಡಿ ಇಟ್ಟ ಹೆಸರು. ಇಟಲಿ ಒಂದಾಗಿ ರೋಮ್ ರಾಜಧಾನಿಯಾದ ಹೊಸತರಲ್ಲಿ, 1874ರ ಸುಮಾರಿಗೆ, ಬೀದಿಬೀದಿಯಲ್ಲಿ ಇವನ್ನು ನೆಡಲು ಶುರು ಮಾಡಿದರಂತೆ. ಮೊದಮೊದಲು ಡ್ರ್ಯಾಗನ್ ಮುಖದ ಬಾಯಿಂದ ನೀರು ಬರುತ್ತಿತ್ತು, ನಮ್ಮ ಕಲ್ಯಾಣಿಯ ಗೋಮುಖದ ಥರ. ಆಮೇಲೆ ಖರ್ಚಿಲ್ಲದ ಸಾದಾ ಕೊಳವೆ ಬಂತು. ನೀರು ಯಾವಾಗಲೂ ಹರಿಯುತ್ತಿದ್ದರೆ ಕೊಳವೆಯೊಳಗೆ ನಿಂತು ಕೆಡುವುದಿಲ್ಲ ಅನ್ನುವುದು ಅವರ ಲೆಕ್ಕ. ಅತ್ತೆಗೆ ಇದನ್ನು ಹೇಳಿದೆ. "ಕೆಡದ ಹಾಗೆ ಇಡೋಕೆ ಚೆಲ್ಲಬೇಕಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. 2017ರ ಬೇಸಿಗೆಯಲ್ಲಿ ಬರ ಬಂದಾಗ ಅಲ್ಲಿಯವರೇ ಕೆಲವು ಮೂಗುಗಳನ್ನು ಮುಚ್ಚಿದ್ದರು ಅಂತ ಆಮೇಲೆ ಓದಿದೆ. ಅದನ್ನು ಅತ್ತೆಗೆ ಹೇಳಲಿಲ್ಲ. ಗೆದ್ದವರ ಎದುರು ಇನ್ನಷ್ಟು ಸೋಲುವುದು ಯಾಕೆ ಅಲ್ವಾ?

ಎರಡನೇ ದಿನ ಒಬ್ಬ ಮುದುಕರು ನಮ್ಮ ಮಗನಿಗೆ ಆ ನಲ್ಲಿಯ ಗುಟ್ಟು ತೋರಿಸಿಕೊಟ್ಟರು. ಭಾಷೆ ಬೇಕಾಗಲಿಲ್ಲ. ಕೊಳವೆಯ ಬಾಯಿಗೆ ಬೆರಳು ಒತ್ತಿ ಹಿಡಿದರು. ಕೊಳವೆ ಬಾಗುವ ಜಾಗದಲ್ಲಿ, ಮೇಲುಗಡೆ, ಒಂದು ಸಣ್ಣ ತೂತಿದೆ. ನೀರು ಅಲ್ಲಿಂದ ಚಿಮ್ಮಿ ಕಮಾನಿನ ಹಾಗೆ ಬಾಯಿಗೆ ಬೀಳುತ್ತದೆ. ಮಗ ತಾನೂ ಮಾಡಿದ. ಒತ್ತಿದ್ದು ಜಾಸ್ತಿಯಾಗಿ ನೀರೆಲ್ಲ ಅಜ್ಜಿಯ ಮುಖಕ್ಕೆ ಹೋಯಿತು. ಬೈಯುತ್ತಾರೆ ಅಂದುಕೊಂಡೆ. ಸೆರಗಿನಲ್ಲಿ ಮುಖ ಒರೆಸಿಕೊಂಡು ಆ ತೂತನ್ನೇ ನೋಡಿದರು. "ತುಟಿ ತಾಗಿಸೋ ಹಾಗೇ ಇಲ್ಲ. ಎಂಜಲಾಗಲ್ಲ," ಎಂದರು. ಅವತ್ತಿನಿಂದ ಅತ್ತೆಗೆ ಆ ಊರಿನ ಮೇಲೆ ಸ್ವಲ್ಪ ಗೌರವ ಬಂತು.

ಕೊಲೋಸಿಯಮ್, ವ್ಯಾಟಿಕನ್ ಎಲ್ಲ ನೋಡಿದೆವು. ಅವುಗಳ ಬಗ್ಗೆ ನಾನು ಹೇಳಬೇಕಾದ್ದೇನಿಲ್ಲ. ಬಿಸಿಲು, ಕ್ಯೂ, ಮತ್ತೆ ಬಿಸಿಲು. ಮಗಳು ಗಂಟೆಗಂಟೆಗೂ ಪಟ್ಟಿ ಮಾಡಿಕೊಂಡು ಬಂದಿದ್ದಳು. ಅಜ್ಜಿ ಪ್ರತಿ ನಲ್ಲಿಯ ಹತ್ತಿರವೂ ನಿಂತು ಬಾಟಲಿ ತುಂಬಿಸುತ್ತಿದ್ದುದರಿಂದ ಆ ಪಟ್ಟಿ ಮಧ್ಯಾಹ್ನದೊಳಗೆ ಕೆಟ್ಟುಹೋಗುತ್ತಿತ್ತು. ಬಾಟಲಿ ಅರ್ಧ ತುಂಬಿದ್ದರೂ ತುಂಬಿಸುತ್ತಿದ್ದರು. ಒಂದು ಹೋಟೆಲಿನಲ್ಲಿ ಊಟಕ್ಕೆ ಮುಂಚೆ ಗಾಜಿನ ಬಾಟಲಿ ತಂದಿಟ್ಟರು. ನೀರಿಗೂ ಬಿಲ್ ಹಾಕುತ್ತಾರೆ ಎಂದು ಗೊತ್ತಾದದ್ದೇ ತಡ, ಅತ್ತೆ ಅದನ್ನು ಮೇಜಿನ ಆ ತುದಿಗೆ ತಳ್ಳಿ, ಚೀಲದಿಂದ ತಮ್ಮ ಸ್ಟೀಲ್ ಬಾಟಲಿ ತೆಗೆದು ಎಲ್ಲರ ಲೋಟಕ್ಕೂ ಬಗ್ಗಿಸಿದರು. ಬೀದಿಯಲ್ಲಿ ಧಾರಾಳವಾಗಿ ಚೆಲ್ಲುವುದು, ಒಳಗೆ ಕೂತರೆ ದುಡ್ಡು ಕೇಳುವುದು. ಆ ನ್ಯಾಯ ನನಗೂ ಅರ್ಥವಾಗಲಿಲ್ಲ.

ಆದರೆ ಪ್ಯಾಂಥಿಯನ್ ಬಗ್ಗೆ ಹೇಳಲೇಬೇಕು. ಸುಮಾರು 1,900 ವರ್ಷದ ಕಟ್ಟಡ. ಮೇಲೆ ಕಾಂಕ್ರೀಟಿನ ದೊಡ್ಡ ಗುಮ್ಮಟ. 43 ಮೀಟರ್ ಅಗಲ, ನೆಲದಿಂದ ತುದಿಗೂ ಅಷ್ಟೇ ಎತ್ತರ. ನೆತ್ತಿಯಲ್ಲಿ ಗುಂಡಗೆ ಒಂದು ಬಾಯಿ. ಗಾಜಿಲ್ಲ, ಮುಚ್ಚಳವಿಲ್ಲ. ಅದರಿಂದ ಬಿಸಿಲಿನ ಒಂದು ಬಿಲ್ಲೆ ಒಳಗಿನ ಗೋಡೆಯ ಮೇಲೆ ಬಿದ್ದಿತ್ತು. ಎಲ್ಲರೂ ಕತ್ತೆತ್ತಿ ಮೇಲೆ ನೋಡುತ್ತಿದ್ದರು. ಅತ್ತೆ ಮಾತ್ರ ನೆಲ ನೋಡುತ್ತಿದ್ದರು. ಮಳೆ ಬಂದರೆ ನೀರು ಎಲ್ಲಿಗೆ ಹೋಗುತ್ತದೆ ಎಂದು ಹುಡುಕುತ್ತಿದ್ದರು. ಸಿಕ್ಕಿತು. ಅಮೃತಶಿಲೆಯ ಹಾಸಿನಲ್ಲಿ ಅಲ್ಲಲ್ಲಿ ಸಣ್ಣ ತೂತುಗಳು, ಒಟ್ಟು 22. ನೆಲ ನಡುವೆ ಸ್ವಲ್ಪ ಉಬ್ಬಿದೆ, ನೀರು ತಾನಾಗಿ ತೂತಿನ ಕಡೆ ಜಾರಿಹೋಗುತ್ತದೆ.

"ತೊಟ್ಟಿಮನೆ ಕಣೇ ಇದು," ಎಂದರು. "ನಮ್ಮ ತಾತನ ಮನೇಲಿ ಚೌಕ ಇತ್ತು. ಇವರು ಗುಂಡಗೆ ಮಾಡಿದ್ದಾರೆ, ಅಷ್ಟೆ."

ನಾನು ಎಷ್ಟು ಕಡೆ ಓದಿದ್ದೆನೋ ಆ ಗುಮ್ಮಟದ ಬಗ್ಗೆ! ತೊಟ್ಟಿಮನೆ ನೆನಪಾಗಿರಲಿಲ್ಲ.

ಅವತ್ತು ಸಂಜೆ ಟ್ರೆವಿ ಕಾರಂಜಿಗೆ ಹೋದೆವು. ಒಂದು ಅರಮನೆಯ ಇಡೀ ಬೆನ್ನನ್ನೇ ಕಾರಂಜಿ ಮಾಡಿದ್ದಾರೆ. 1762ರಲ್ಲಿ ಮುಗಿದದ್ದು. ಆದರೆ ಅದಕ್ಕೆ ಬರುವ ನೀರಿನ ಹಾದಿ ತುಂಬಾ ಹಳೆಯದು. ಕ್ರಿ.ಪೂ. 19ರಲ್ಲಿ ಅಗ್ರಿಪ್ಪ ಎಂಬ ರೋಮನ್ ಸೇನಾಪತಿ ಕಟ್ಟಿಸಿದ ಕಾಲುವೆ. ಸುಮಾರು 20 ಕಿಲೋಮೀಟರ್, ಹೆಚ್ಚಿನದು ನೆಲದಡಿಯಲ್ಲೇ. ಪಂಪಿಲ್ಲ, ಕರೆಂಟಿಲ್ಲ, ಬರೀ ಇಳಿಜಾರು. ಬಾಯಾರಿದ ಸಿಪಾಯಿಗಳಿಗೆ ಒಬ್ಬ ಹುಡುಗಿ ಆ ಊಟೆ ತೋರಿಸಿದಳಂತೆ. ಅದಕ್ಕೇ ಕನ್ಯೆಯ ನೀರು ಎಂದು ಹೆಸರು. ಕಾರಂಜಿಯ ಮೇಲುಭಾಗದಲ್ಲಿ ಆ ಹುಡುಗಿಯನ್ನು ಕೆತ್ತಿದ್ದಾರೆ. ಅತ್ತೆ ಕಣ್ಣು ಕಿರಿದು ಮಾಡಿಕೊಂಡು ಅವಳನ್ನೇ ತುಂಬಾ ಹೊತ್ತು ನೋಡಿದರು. ಮಧ್ಯದ ದೊಡ್ಡ ದೇವರ ಕಡೆ ಅಷ್ಟು ಗಮನ ಕೊಡಲಿಲ್ಲ.

ಅಲ್ಲಿ ಎಲ್ಲರೂ ಕಾರಂಜಿಗೆ ಬೆನ್ನು ಮಾಡಿ, ಬಲಗೈಯಿಂದ ಎಡ ಭುಜದ ಮೇಲೆ ನಾಣ್ಯ ಎಸೆಯುತ್ತಾರೆ. ಹಾಗೆ ಮಾಡಿದರೆ ಮತ್ತೆ ರೋಮ್‌ಗೆ ಬರುತ್ತೀರಿ ಎಂದು ನಂಬಿಕೆ. ಆ ದುಡ್ಡನ್ನು ಗೋರಿ ತೆಗೆದು ಬಡವರ ಸಹಾಯಕ್ಕೆ ಕೊಡುತ್ತಾರೆ. ಮಕ್ಕಳು ಎಸೆದರು. ನಾವೂ ಎಸೆದೆವು. ಅತ್ತೆಗೆ ಒಂದು ನಾಣ್ಯ ಕೊಟ್ಟು "ಹಿಂದೆ ತಿರುಗಿ ಅಜ್ಜಿ" ಎಂದಳು ಮಗಳು.

"ಗಂಗೆಗೆ ಯಾರಾದ್ರೂ ಬೆನ್ನು ತೋರಿಸ್ತಾರೇನೇ?"

ಶ್ರೀರಂಗಪಟ್ಟಣದ ಸೇತುವೆ ಬಂದಾಗ ರೈಲಿನ ಕಿಟಕಿಯಿಂದ ಕಾವೇರಿಗೆ ಕಾಸು ಹಾಕುವ ಹೆಂಗಸು ಅವರು. ನೀರಿಗೆ ಮುಖ ಮಾಡಿ ನಿಂತು, ನಾಣ್ಯವನ್ನು ಕಣ್ಣಿಗೊತ್ತಿಕೊಂಡು, ಮೆಲ್ಲಗೆ ಹಾಕಿದರು. ಪಕ್ಕದಲ್ಲಿ ಸೆಲ್ಫಿ ತೆಗೆಯುತ್ತಿದ್ದ ಒಂದು ಜೋಡಿ ಸುಮ್ಮನಾಗಿ ನೋಡಿತು. ಈ ಲೆಕ್ಕದಲ್ಲಿ ಅತ್ತೆ ಮತ್ತೆ ರೋಮ್‌ಗೆ ಬರುತ್ತಾರೋ ಇಲ್ಲವೋ ಎಂದು ಮಕ್ಕಳಲ್ಲಿ ದೊಡ್ಡ ಚರ್ಚೆಯಾಯಿತು.

ರಾತ್ರಿ ನಮ್ಮನೆಯವರು ಫೋನಿನಲ್ಲಿ ಹುಡುಕಿ ಓದಿ ಹೇಳಿದರು. ಕ್ರಿ.ಶ. 97ರಲ್ಲಿ ಫ್ರಾಂಟೈನಸ್ ಎಂಬ ಅಧಿಕಾರಿಗೆ ಊರಿನ ನೀರಿನ ಉಸ್ತುವಾರಿ ಕೊಟ್ಟರಂತೆ. ನೋಡಿದರೆ ಊರೆಲ್ಲ ಕಳ್ಳ ಕನೆಕ್ಷನ್. ನೀರಿನ ಕೆಲಸದವರೇ ನೆಲದಡಿಯ ಕೊಳವೆಗೆ ತೂತು ಹಾಕಿ ದಾರಿಯುದ್ದಕ್ಕೂ ನೀರು ಮಾರಿಕೊಳ್ಳುತ್ತಿದ್ದರು. ಆತ ಇದನ್ನೆಲ್ಲ ಕೂತು ಬರೆದಿಟ್ಟಿದ್ದಾನೆ.

ಹಾಸಿಗೆಯ ಮೇಲೆ ಕಾಲು ನೀವಿಕೊಳ್ಳುತ್ತಿದ್ದ ಅತ್ತೆಯ ಮುಖ ಅರಳಿತು. "ಅಂದ್ರೆ ಆಗಲೂ ನೀರು ಬಿಡೋನಿಗೆ ಕಾಫಿ ದುಡ್ಡು ಕೊಡಬೇಕಿತ್ತಾ?" ಆ ಊರಿನಲ್ಲಿ ಅವರು ಅಷ್ಟು ಜೋರಾಗಿ ನಕ್ಕದ್ದು ಅದೊಂದೇ ಸಲ.

ಹೊರಡುವ ದಿನ ಹೋಟೆಲಿನ ಮುಂದಿನ ನಲ್ಲಿಯಲ್ಲಿ ಕಂಠಮಟ್ಟ ತುಂಬಿಸಿಕೊಂಡರು. ಏರ್‌ಪೋರ್ಟಿನ ತಪಾಸಣೆಯಲ್ಲಿ ಬಾಟಲಿ ಹೊರಗೆ ಬಂತು. ನೀರು ಒಯ್ಯುವ ಹಾಗಿಲ್ಲ, ಅಲ್ಲಿ ಚೆಲ್ಲಿ ಎಂದು ಡಬ್ಬ ತೋರಿಸಿದರು. ಅತ್ತೆ ಸುತ್ತ ನೋಡಿದರು. ಒಂದು ಹೂಕುಂಡವೂ ಇರಲಿಲ್ಲ. ಪಕ್ಕಕ್ಕೆ ಸರಿದು ಮುಚ್ಚಳ ತೆಗೆದರು. ಕತ್ತು ಮೇಲೆತ್ತಿ, ತುಟಿಗೆ ತಾಗಿಸದೆ, ಗಟಗಟ ಎಂದು ಕುಡಿಯಲು ಶುರು ಮಾಡಿದರು. ಒಂದು ಲೀಟರ್ ಬಾಟಲಿ. ನಮ್ಮ ಹಿಂದಿನ ಕ್ಯೂ ಬೆಳೆಯುತ್ತಿತ್ತು. ಕೈಗವಸು ಹಾಕಿಕೊಂಡ ಆ ಹುಡುಗಿ ಏನೂ ಹೇಳದೆ ಕಾದು ನಿಂತಳು. ಅರ್ಧ ಮುಗಿಸಿ ಅತ್ತೆ ಉಸಿರು ಬಿಟ್ಟು, ಬಾಟಲಿಯನ್ನು ನನ್ನ ಕಡೆ ಚಾಚಿದರು.

"ತಗೋ, ಉಳಿದದ್ದು ನೀನು ಕುಡಿ."